ಮನಮುಟ್ಟಿದ ಪುಟ ಯಾವುದು?

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಮೂರು ಕಾದಂಬರಿಗಳ ಟಿಪ್ಪಣಿ ಓದಿದೆ. ಮೂರರಲ್ಲೂ ಮುಕ್ಕಾಲು ಪಾಲು ಕಥೆಯ ಸಾರಾಂಶವೇ. ಕೊನೆಗೆ ‘ಮನಮುಟ್ಟುವಂತಿದೆ’ ಅಂತ ಒಂದು ಮಾತು. ಯಾವ ಪುಟ ಮುಟ್ಟಿತು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಎಲ್ಲ ಮುಗಿಸಿದ ಮೇಲೆ ಬರೆಯಲು ಕೂತರೆ ಹೀಗೇ ಆಗುವುದು: ಕೊನೆಯ ಅಧ್ಯಾಯ ಮಿಕ್ಕಿದ್ದನ್ನೆಲ್ಲ ನುಂಗಿಬಿಡುತ್ತದೆ, ನಡುವೆ ಬೇಸರ ಬಂದದ್ದೂ ಮರೆತುಹೋಗುತ್ತದೆ.

ಇನ್ನು ಮೇಲೆ ಪೆನ್ಸಿಲ್ ಹಿಡಿದು ಓದು. ಎಲ್ಲಿ ನಿಂತು ಮತ್ತೆ ಓದಿದೆಯೋ, ಎಲ್ಲಿ ಪುಟ ಹಾರಿಸಿದೆಯೋ, ಆ ಪುಟದ ಸಂಖ್ಯೆಯನ್ನು ಕೊನೆಯ ಖಾಲಿ ಹಾಳೆಯಲ್ಲಿ ಗುರುತು ಹಾಕು, ಪಕ್ಕದಲ್ಲಿ ನಾಲ್ಕೇ ಪದ. ಎರವಲು ಪುಸ್ತಕವಾದರೆ ಒಂದು ಚೀಟಿ ಇಟ್ಟುಕೋ. ಸಾಲುಸಾಲಿಗೂ ಗೆರೆ ಎಳೆದರೆ ಯಾವುದಕ್ಕೆ ಎಳೆದೆ ಅನ್ನುವುದೇ ಆಮೇಲೆ ತಿಳಿಯುವುದಿಲ್ಲ. 300 ಪುಟಕ್ಕೆ ಹತ್ತು ಹನ್ನೆರಡು ಗುರುತು ಸಾಕು. ಮುಗಿದು ಎರಡು ದಿನ ಕಳೆದ ಮೇಲೆ ಆ ಪುಟಗಳನ್ನಷ್ಟೇ ತಿರುವಿಹಾಕು. ಮತ್ತೆ ನಿನ್ನನ್ನು ಹಿಡಿದು ನಿಲ್ಲಿಸುವುದು ಮೂರೋ ನಾಲ್ಕೋ. ಬರವಣಿಗೆ ಅಲ್ಲಿಂದ ಶುರುವಾಗಲಿ.

ಹಳೆಯ ಕಾದಂಬರಿ ‘ತುಂಬಾ ಎಳೆದಿದ್ದಾರೆ’ ಅಂತ ಬರೆದಿದ್ದೀಯ. ಡಿಕನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’ 1849ರ ಮೇ ತಿಂಗಳಿಂದ 1850ರ ನವೆಂಬರ್‌ವರೆಗೆ ತಿಂಗಳಿಗೊಂದು ಕಂತಾಗಿ ಬಂದದ್ದು. ಕಂತಿಗೆ 32 ಪುಟ, ಕೊನೆಯದು ಮಾತ್ರ ಜೋಡಿ ಕಂತು. ತಿಂಗಳ ಹಿಂದೆ ಓದಿದವರಿಗೆ ಪಾತ್ರದ ಗುರುತು ಹತ್ತಬೇಕಲ್ಲ, ಅದಕ್ಕೇ ಅದರಲ್ಲಿ ಮಿಕಾಬರ್ ಎಂಬ ಪಾತ್ರ ಬಂದಾಗೆಲ್ಲ ಅದೇ ಆಸೆಯ ಮಾತು, ಅದೇ ಸಾಲದ ಗೋಳು. ಒಂದೇ ಉಸಿರಿನಲ್ಲಿ ಇನ್ನೂರು ಪುಟ ಓಡಿದರೆ ಅದು ಚರ್ವಿತಚರ್ವಣ ಅನ್ನಿಸುತ್ತದೆ. ದಿನಕ್ಕೆ ಒಂದು ಕಂತು, ಅಂದರೆ ಸುಮಾರು ಮೂರು ಅಧ್ಯಾಯ ಓದಿ ಮಡಚಿಡು, ಆಗ ಅದರ ನಡಿಗೆ ಸಿಗುತ್ತದೆ. ಪಂಡಿತರ ಮುನ್ನುಡಿಯನ್ನು ಕೊನೆಗೆ ಓದು. ಬಹುಪಾಲು ಅವು ಕಥೆ ಗೊತ್ತಿರುವವರಿಗೆಂದೇ ಬರೆದವು.

ಅನುವಾದವಾದರೆ ಟಿಪ್ಪಣಿಯ ತಲೆಯಲ್ಲೇ ಅನುವಾದಕರ ಹೆಸರು ಬರೆ. ಕಾಫ್ಕಾನ ‘ಮೆಟಮಾರ್ಫಸಿಸ್’ (1915) ಬಗ್ಗೆ ನೀನು ‘ಜಿರಳೆಯಾದವನ ಕಥೆ’ ಅಂದಿದ್ದೀಯ. ಮೂಲದ ಮೊದಲ ವಾಕ್ಯದಲ್ಲಿರುವ ಜರ್ಮನ್ ಪದ ‘ಉಂಗೆಟ್ಸೀಫರ್’. ಅದು ಒಂದು ಹುಳುವಿನ ಹೆಸರಲ್ಲ, ಅಸಹ್ಯ ಹುಟ್ಟಿಸುವ ಕ್ರಿಮಿಕೀಟಗಳಿಗೆಲ್ಲ ಒಟ್ಟಾಗಿ ಹೇಳುವ ಮಾತು. ಇಂಗ್ಲಿಷಿಗೆ ತಂದವರೇ ಒಬ್ಬೊಬ್ಬರು ಒಂದೊಂದು ಪದ ಹಾಕಿದ್ದಾರೆ. ಮುಖಪುಟದಲ್ಲಿ ಆ ಕೀಟದ ಚಿತ್ರ ಬೇಡವೇ ಬೇಡ, ದೂರದಿಂದ ತೋರಿಸುವುದೂ ಬೇಡ ಅಂತ ಕಾಫ್ಕಾ ಪ್ರಕಾಶಕರಿಗೆ ಕಾಗದ ಬರೆದಿದ್ದ. ಅಷ್ಟು ಜತನದಿಂದ ಅವನು ಮಸುಕಾಗಿಟ್ಟದ್ದಕ್ಕೆ ನೀನು ಮೀಸೆ ಬರೆದುಬಿಟ್ಟೆ. ‘ಭಾಷೆ ಒರಟು’ ಅನ್ನುವ ಮುಂಚೆಯೂ ಅಷ್ಟೇ, ಎರಡು ಅನುವಾದಗಳ ಮೊದಲ ಪುಟ ಅಕ್ಕಪಕ್ಕ ಇಟ್ಟು ನೋಡು.

ಇತ್ತೀಚಿನ ಪುಸ್ತಕಗಳಿಗೆ ಬೇರೆಯದೇ ತೊಡಕು. ಹಿಂಬದಿಯ ಹೊಗಳಿಕೆ, ಪ್ರಶಸ್ತಿಯ ಸದ್ದು ನಿನಗಿಂತ ಮೊದಲೇ ಮಾತಾಡಿರುತ್ತವೆ. ನಿನ್ನ ಟಿಪ್ಪಣಿ ಮುಗಿಯುವವರೆಗೆ ವಿಮರ್ಶೆ ಓದಬೇಡ. ಆಮೇಲೆ ಅಭಿಪ್ರಾಯ ಬದಲಾದರೆ ಹಳೆಯದನ್ನು ಅಳಿಸದೆ ಕೆಳಗೆ ತಾರೀಕು ಹಾಕಿ ಸೇರಿಸು. ‘ನಾನು’ ಅಂತ ಹೇಳುವವನ ಮಾತನ್ನಂತೂ ಪೂರ್ತಿ ನಂಬಬೇಡ. ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ಯಲ್ಲಿ (1989) ಕಥೆ ಹೇಳುವವನು ದೊಡ್ಡ ಮನೆಯೊಂದರ ಬಟ್ಲರ್ ಸ್ಟೀವನ್ಸ್. ಅಪ್ಪ ಮಹಡಿಯ ಮೇಲೆ ತೀರಿಕೊಂಡ ರಾತ್ರಿ ಅವನು ಕೆಳಗೆ ಅತಿಥಿಗಳ ಉಪಚಾರದಲ್ಲಿರುತ್ತಾನೆ. ತಾನು ಅತ್ತದ್ದನ್ನು ಅವನು ಹೇಳುವುದೇ ಇಲ್ಲ. ಅಳುತ್ತಿರುವ ಹಾಗೆ ಕಾಣುತ್ತೀಯಲ್ಲ ಅಂತ ಯಜಮಾನ ಕೇಳಿದಾಗಲೇ ನಮಗೆ ಗೊತ್ತಾಗುವುದು. ಅಲ್ಲಿ ‘ಮನಮುಟ್ಟಿತು’ ಅನ್ನುವುದಕ್ಕಿಂತ, ಕಣ್ಣೀರು ಬೇರೆಯವರ ಬಾಯಿಂದ ಬಂತು ಅಂತ ಬರೆದರೆ ಓದುವವರಿಗೆ ಆ ಪುಟವೇ ಕೈಗೆ ಸಿಗುತ್ತದೆ.

ಮೂರರಲ್ಲಿ ಒಂದನ್ನು ಮತ್ತೆ ತೆಗೆದು ಹತ್ತು ಸಾಲು ಬರೆದು ಕಳಿಸು. ಕಥೆ ಬೇಡ. ಪುಟಸಂಖ್ಯೆ ಮರೆಯಬೇಡ.

ಇತಿ,
ನಿನ್ನ ದೊಡ್ಡಮ್ಮ