ಕೂಸಿಗೆ, ಅಡಿಕೆ ಬುಟ್ಟಿಯ ಲೆಕ್ಕ

ಕೂಸೇ,

ನಿನ್ನೆ ರಾತ್ರಿ ಕಳಿಸಿದ ಲೆಕ್ಕದ ಫೋಟೋ ನೋಡಿದೆ. ಮೂರು ಸಲ ತೆಗೆದಾಗ ಮೂರು ಥರದ್ದೂ ಒಂದೊಂದು, ಯಾವ ಕ್ರಮದಲ್ಲಾದರೂ, ಬರುವ ಸಂಭವ ಎಷ್ಟು ಅನ್ನುವ ಲೆಕ್ಕ ಅದು. ಸಂಭವನೀಯತೆ ತಲೆಗೆ ಹತ್ತುವುದೇ ಇಲ್ಲ ಅಂತ ಬರೆದಿದ್ದೀಯಲ್ಲ, ನಾನದನ್ನು ಒಪ್ಪುವುದಿಲ್ಲ. ನಿನ್ನ ಗುಣಾಕಾರ ಸರಿಯಾಗೇ ಇದೆ, ಎಣಿಸುವುದು ಬಿಟ್ಟುಹೋಗಿದೆ ಅಷ್ಟೇ.

ಇವತ್ತು ಜಗಲಿಯಲ್ಲಿ ಅಡಿಕೆ ಆರಿಸುತ್ತಾ ಕೂತಾಗಲೂ ಅದೇ ಯೋಚನೆ. ನಿನ್ನ ಲೆಕ್ಕದ ಹಾಗೇ ಬುಟ್ಟಿಗೆ ಮೂರು ದರ್ಜೆಯ ಹತ್ತು ಅಡಿಕೆ ಹಾಕಿಕೊಂಡೆ: 5 ಚಾಲಿ, 3 ಬಿಳಿಗೋಟು, 2 ಕೋಕಾ. ಕಣ್ಣು ಮುಚ್ಚಿ ಒಂದು ತೆಗೆಯುವುದು, ನೋಡಿ ವಾಪಸ್ ಹಾಕಿ ಕಲಸುವುದು, ಹೀಗೆ ಮೂರು ಸಲ. ಆರಿಸಿ ಆರಿಸಿ ಪಳಗಿದ ಕೈಗೆ ಕೋಕಾ ಮುಟ್ಟಿದ ಕೂಡಲೇ ಗೊತ್ತಾಗಿಬಿಡುತ್ತದೆ, ಅದಕ್ಕೇ ಸೌಟಿನಲ್ಲಿ ಎತ್ತಿದೆ.

ವಾಪಸ್ ಹಾಕುವುದರಿಂದ ಮೊದಲು ಬಂದದ್ದು ಏನೇ ಇರಲಿ, ಮುಂದಿನದಕ್ಕೆ ಅದರ ಹಂಗಿಲ್ಲ. ಹಾಗಾಗಿ ಸುಮ್ನೆ ಗುಣಿಸಬಹುದು: 0.5 × 0.3 × 0.2 = 0.03. ನೀನು ಇಲ್ಲಿಗೇ ನಿಲ್ಲಿಸಿದೆ. ಇದು ಮೊದಲು ಚಾಲಿ, ಆಮೇಲೆ ಬಿಳಿಗೋಟು, ಕೊನೆಗೆ ಕೋಕಾ, ಇದೇ ಸಾಲಿನಲ್ಲಿ ಬರುವ ಸಂಭವ ಮಾತ್ರ. ಪ್ರಶ್ನೆ ಕೇಳಿದ್ದು 'ಯಾವ ಕ್ರಮದಲ್ಲಾದರೂ' ಅಂತ ಅಲ್ವಾ? ಮೂರು ಅಡಿಕೆ ಮಣೆಯ ಮೇಲಿಟ್ಟು ಜಾಗ ಬದಲಿಸಿ ಬದಲಿಸಿ ನೋಡಿದೆ. ಆರು ಥರ ಆಯಿತು, ಏಳನೆಯದು ಸಿಗಲಿಲ್ಲ. 6 × 0.03 = 0.18.

ಹಾಗಂತ ಎಲ್ಲದಕ್ಕೂ ಆರರಿಂದ ಗುಣಿಸಬೇಡ. ಎರಡು ಚಾಲಿ, ಒಂದು ಕೋಕಾ ಅಂದರೆ ಕೋಕಾ ಯಾವ ಜಾಗದಲ್ಲಿ ಕೂತಿತು ಅನ್ನುವುದಷ್ಟೇ ಲೆಕ್ಕ, ಮೂರೇ ಥರ: 3 × 0.5 × 0.5 × 0.2 = 0.15. ಇನ್ನು ತೆಗೆದದ್ದನ್ನು ವಾಪಸ್ ಹಾಕದೇ ಹೋದರೆ ಬುಟ್ಟಿ ಪ್ರತಿ ಸಲ ಬದಲಾಗುತ್ತದೆ. ಆಗ ಮೂರೂ ಬೇರೆಬೇರೆ ಬರುವ ಸಂಭವ 6 × 5/10 × 3/9 × 2/8, ಅಂದರೆ 0.25.

ಇಲ್ಲಿ ಎಡವಿದವಳು ನೀನೊಬ್ಬಳೇ ಅಲ್ಲ. ಮೂರು ದಾಳ ಎಸೆದಾಗ ಮೊತ್ತ 9 ಆಗುವುದಕ್ಕೂ 10 ಆಗುವುದಕ್ಕೂ ಆರಾರೇ ಜೋಡಣೆ, ಆದರೂ 10 ಯಾಕೆ ಜಾಸ್ತಿ ಬೀಳುತ್ತದೆ ಅನ್ನುವ ಪ್ರಶ್ನೆ ಗೆಲಿಲಿಯೋ ಹತ್ತಿರವೇ ಹೋಗಿತ್ತು. ಅವನು ಮಾಡಿದ್ದೂ ಇದನ್ನೇ, ಪ್ರತಿ ಜೋಡಣೆಯನ್ನೂ ಬಿಡಿಸಿ ಎಣಿಸಿದ. 3-3-3 ಬೀಳುವುದು ಒಂದೇ ಥರ, 3-3-4 ಮೂರು ಥರ. 216ರಲ್ಲಿ 9ಕ್ಕೆ 25, 10ಕ್ಕೆ 27 ಬಂತು.

ಆ ಹತ್ತು ಅಡಿಕೆ ಚೀಲಕ್ಕೆ ಸೇರಿಸಿಲ್ಲ. ಶನಿವಾರ ಬರುತ್ತೀಯಲ್ಲ, ಉಳಿದ ಲೆಕ್ಕ ಅದರಲ್ಲೇ ಮಾಡೋಣ.

ನಿನ್ನ ಆಯಿ
ಶಿರಸಿ