ಗಾಡಿ ಆಯ್ತಾ ಅಂತ ಕೇಳಿದ್ದೆಯಲ್ಲ

ಲೋ ಮಾರಾಯ,

ಗಾಡಿ ಆಯ್ತಾ, ಅಂದರೆ ನನ್ನ ಹಳೇ ಬೈಕಿನ ರಿಪೇರಿ ಮುಗಿಯಿತಾ ಅಂತ ಮತ್ತೆ ಕೇಳಿದ್ದೀಯ. ಅದೂ ಎಲ್ಲರ ಎದುರಿಗೆ. ಹಾಗಾಗಿ ಉತ್ತರವೂ ಎಲ್ಲರ ಎದುರಿಗೇ ಇರಲಿ. ನಿನ್ನೊಬ್ಬನಿಗೇ ಬರೆದರೆ ನೀನು ಓದುವುದಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಮಾತ್ರ ಕೊನೇ ಸಾಲಿನವರೆಗೂ ಬರುತ್ತೀಯ. ಇದು ನನಗೂ ಗೊತ್ತು, ನಿನ್ನ ಮನೆಯವರಿಗೂ ಗೊತ್ತು.

ಮೊದಲನೇ ಸುದ್ದಿ: ಏಳನೇ ವಾಷರ್ ಇನ್ನೂ ಸಿಕ್ಕಿಲ್ಲ. ಉಳಿದವರು ಈ ಸಾಲು ಬಿಟ್ಟು ಮುಂದೆ ಓದಬಹುದು.

ಆ ಉಳಿದವರಿಗೆ ಗಾಡಿಯ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. 1982ರ ಹೋಂಡಾ ಗೋಲ್ಡ್ ವಿಂಗ್, ಜಿಎಲ್1100 ಇಂಟರ್‌ಸ್ಟೇಟ್. 1085 ಸಿಸಿ. ಎಡಕ್ಕೆರಡು ಬಲಕ್ಕೆರಡು ಅಡ್ಡ ಮಲಗಿದ ಸಿಲಿಂಡರು. ಹಿಂದಿನ ಚಕ್ರ ತಿರುಗಿಸಲು ಚೈನ್ ಇಲ್ಲ, ಶಾಫ್ಟು, ಅಂದರೆ ತಿರುಗುವ ದಂಡ. ತೂಕ 300 ಕಿಲೋಗಿಂತ ಜಾಸ್ತಿ. ಟ್ಯಾಂಕಿನ ಹಾಗೆ ಕಾಣುವುದು ಟ್ಯಾಂಕಲ್ಲ, ನಿಜವಾದ ಟ್ಯಾಂಕು ಸೀಟಿನ ಕೆಳಗಿದೆ. ನಿನ್ನ ಭಾವನ ವಿಷಯ ಇಲ್ಲಿ ಎತ್ತುವುದಿಲ್ಲ. ಮಾತು ಕೊಟ್ಟಿದ್ದೇನೆ.

1975ರಲ್ಲಿ ಬಂದ ಮೊದಲ ಗೋಲ್ಡ್ ವಿಂಗ್, ಜಿಎಲ್1000, ಬೋಳು ಗಾಡಿ. ಮುಂದೆ ಗಾಳಿ ತಡೆಯಲು ಏನೂ ಇರಲಿಲ್ಲ, ಪಕ್ಕಕ್ಕೆ ಪೆಟ್ಟಿಗೆ ಇರಲಿಲ್ಲ. ದೂರ ಹೋಗುವವರು ಫೇರಿಂಗು (ಮುಂದೆ ಗಾಳಿ ತಡೆಯುವ ಪ್ಲಾಸ್ಟಿಕ್ ಹೊದಿಕೆ), ಪೆಟ್ಟಿಗೆ ಎಲ್ಲಾ ಹೊರಗಿನಿಂದ ತಂದು ತಾವೇ ಕಟ್ಟಿಕೊಂಡರು. ಅದನ್ನು ನೋಡಿ 1980ರಲ್ಲಿ ಕಂಪನಿಯೇ ಎಲ್ಲವನ್ನೂ ಕೂರಿಸಿ ಇಂಟರ್‌ಸ್ಟೇಟ್ ಅಂತ ಮಾರಿತು. ಅವತ್ತಿನವರ ಆ ಸುಖಕ್ಕೆ ಇವತ್ತು ನಾನು ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚುತ್ತಿದ್ದೇನೆ. ಎಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡುವ ಒಂದು ಕಾರ್ಬುರೇಟರ್ ಮುಟ್ಟಬೇಕು ಅಂದರೂ ಮೊದಲು ಅಷ್ಟು ಪ್ಲಾಸ್ಟಿಕ್ಕು ಕಳಚಬೇಕು.

ಸ್ಕ್ರೂ ಅಂದ ತಕ್ಷಣ ನೆನಪಾಯಿತು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಹಳೇ ಹೋಂಡಾ, ಯಮಹಾ ಬಿಚ್ಚಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ಆ ಕಾಲದ ಗಾಡಿಗಳ ಪ್ಲಸ್ ಸ್ಕ್ರೂ ನೋಡಲು ಮಾಮೂಲಿ ಪ್ಲಸ್ ಸ್ಕ್ರೂ, ಅಂದರೆ ಫಿಲಿಪ್ಸ್ ತರಹವೇ ಇರುತ್ತದೆ, ಆದರೆ ಅಲ್ಲ. ಅದು ಜೆಐಎಸ್, ಜಪಾನಿನವರದೇ ಅಳತೆ. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ, ಪ್ಲಸ್ಸಿನ ಸಂದಿಯಲ್ಲಿ, ಸೂಜಿಯಿಂದ ಚುಚ್ಚಿದಷ್ಟು ಸಣ್ಣ ಚುಕ್ಕೆ ಇರುತ್ತದೆ. ಅದೇ ಗುರುತು. ಫಿಲಿಪ್ಸ್ ಡ್ರೈವರ್ ಅದರ ತಳದವರೆಗೆ ಇಳಿಯುವುದಿಲ್ಲ. ಜೋರು ಕೊಟ್ಟರೆ ಮೇಲಕ್ಕೆ ಜಾರುತ್ತದೆ, ಜಾರುವಾಗ ತಲೆಯನ್ನು ತುರಿದು ಹಾಕುತ್ತದೆ. ಆಮೇಲೆ ಡ್ರಿಲ್ಲೇ ಗತಿ. ಒಂದು ಜೆಐಎಸ್ ಡ್ರೈವರ್ ತಂದಿಟ್ಟುಕೊಂಡರೆ ಅರ್ಧ ಬೈಗುಳ ತಪ್ಪುತ್ತದೆ. ನನ್ನದು ಎರಡಿತ್ತು. ಒಂದು ಎಲ್ಲಿದೆ ಅಂತ ನಿನಗೆ ಚೆನ್ನಾಗಿ ಗೊತ್ತು.

ಕಾರ್ಬುರೇಟರ್ ನಾಲ್ಕು. ನಾಲ್ಕೂ ಒಂದಕ್ಕೊಂದು ಜೋಡಿಸಿಕೊಂಡು ಎಂಜಿನ್ ಮೇಲೆ ಕೂತಿವೆ, ಪಕ್ಕದಿಂದ ಎಳೆದು ತೆಗೆಯಬೇಕು. ಅವುಗಳ ಸ್ಲೋ ಜೆಟ್, ಅಂದರೆ ಐಡಲಿಂಗಿಗೆ ಪೆಟ್ರೋಲು ಬಿಡುವ ಸಣ್ಣ ತೂತಿನ ಕೊಳವೆ, ಬಿಚ್ಚಿ ಬೆಳಕಿಗೆ ಹಿಡಿದೆ. ಮೂರರಲ್ಲಿ ಚುಕ್ಕೆಯಷ್ಟು ಬೆಳಕು ಕಾಣಿಸಿತು, ನಾಲ್ಕನೆಯದರಲ್ಲಿ ಇಲ್ಲ. ಪೆಟ್ರೋಲು ನಿಂತಲ್ಲೇ ಒಣಗಿ ಕಂದು ಅಂಟಾಗಿ ಕೂತಿತ್ತು. ತಂತಿ ತುರುಕಿದರೆ ತೂತು ದೊಡ್ಡದಾಗುತ್ತದೆ, ಅಳತೆ ಕೆಡುತ್ತದೆ. ಕ್ಲೀನರಿನಲ್ಲಿ ನೆನೆಹಾಕಿ, ಗಾಳಿ ಊದಿ, ಮತ್ತೆ ನೆನೆಹಾಕಿ, ಕೊನೆಗೂ ಬೆಳಕು ಕಂಡಿತು. ನೀನು ಇದ್ದಿದ್ದರೆ ಆ ಹೊತ್ತಿಗೆ ಚಪ್ಪಾಳೆ ತಟ್ಟುತ್ತಿದ್ದೆ. ಒಬ್ಬನೇ ಇದ್ದೆ, ಸುಮ್ನೆ ಒಮ್ಮೆ ತಲೆಯಾಡಿಸಿದೆ. ಆಮೇಲೆ ನಾಲ್ಕಕ್ಕೂ ಗಾಳಿಯ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ, ನಾಲ್ಕೂ ಒಂದೇ ಸಮ ಎಳೆಯುವ ಹಾಗೆ ಬ್ಯಾಲೆನ್ಸ್ ಮಾಡಿದ್ದಾಯಿತು. ಈಗ ಐಡಲಿಂಗು ಸುಮಾರು 1000 ಆರ್‌ಪಿಎಮ್‌ನಲ್ಲಿ ಅಲ್ಲಾಡದೆ ನಿಲ್ಲುತ್ತದೆ.

ಈ ಸಲ ನನಗೆ ಗೊತ್ತಾಗಿದ್ದು ಏನೆಂದರೆ, ಇಷ್ಟು ಹಳೇ ಗಾಡಿಯಲ್ಲಿ ಕಬ್ಬಿಣಕ್ಕೆ ಏನೂ ಆಗಿರುವುದಿಲ್ಲ. ಹೋಗಿರುವುದು ರಬ್ಬರು. ಸೋರದ ಹಾಗೆ ಹಾಕುವ ರಬ್ಬರ್ ಬಳೆ, ಓ-ರಿಂಗು, ಉಗುರಿನಲ್ಲಿ ಒತ್ತಿದರೆ ಪುಡಿಯಾಯಿತು. ಬ್ರೇಕ್ ಹೋಸು ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಗೆ ಊದಿಕೊಂಡಿತ್ತು. ಲಿವರ್ ಒತ್ತಿದರೆ ಆಯಿಲ್ ಹೋಗುತ್ತದೆ, ಬಿಟ್ಟರೆ ವಾಪಸ್ ಬರುವುದಿಲ್ಲ, ಪ್ಯಾಡು ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಮುಂದಿನ ಚಕ್ರ ಬಿಗಿ ಅಂತ ನೀನು ಹೇಳುತ್ತಿದ್ದೆಯಲ್ಲ, ಅದು ಬೇರಿಂಗ್ ಅಲ್ಲ, ಇದು. ಓಡಿಸಿದರೂ ಅಷ್ಟೇ, ಮೂಲೆಯಲ್ಲಿ ನಿಲ್ಲಿಸಿದರೂ ಅಷ್ಟೇ, ರಬ್ಬರಿಗೆ ವಯಸ್ಸಾಗುತ್ತಲೇ ಇರುತ್ತದೆ.

ಹೀಗೆ ರಬ್ಬರಿನ ಬೆನ್ನು ಹತ್ತಿ ಟೈಮಿಂಗ್ ಬೆಲ್ಟಿಗೆ ಬಂದೆ.

ಈ ಎಂಜಿನ್ನಿನಲ್ಲಿ ಹಲ್ಲಿರುವ ಎರಡು ಬೆಲ್ಟುಗಳಿವೆ. ವಾಲ್ವುಗಳು ಕೂತಿರುವ ಎಡಗಡೆಯ ಹೆಡ್ಡಿಗೊಂದು, ಬಲಗಡೆಯ ಹೆಡ್ಡಿಗೊಂದು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವು ದಾರಿ ಬಿಟ್ಟಿರಬೇಕು. ಅದನ್ನು ನೋಡಿಕೊಳ್ಳುವುದು ಈ ಬೆಲ್ಟು. ತುಂಡಾದರೆ ದಾರಿ ಬಿಡುವವರು ಯಾರೂ ಇಲ್ಲ. ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ವಾಲ್ವು ಬಾಗುತ್ತದೆ. ಎಚ್ಚರಿಕೆ ದೀಪ ಇಲ್ಲ, ಸದ್ದಿಲ್ಲ, ವಾಸನೆ ಇಲ್ಲ. ಒಂದು ಕ್ಷಣದ ಹಿಂದೆ ಚೆನ್ನಾಗಿ ಓಡುತ್ತಿರುತ್ತದೆ.

ರೇಡಿಯೇಟರ್ ಬಿಚ್ಚಿ, ಕವರ್ ತೆಗೆದು ಬೆಲ್ಟು ಹೊರಗೆಳೆದೆ. ನೋಡಲು ಕಪ್ಪಗೆ, ಗಟ್ಟಿಮುಟ್ಟಾಗಿಯೇ ಇತ್ತು. ಹಾಗೇ ಸುಮ್ಮನೆ ಹಿಂದುಮುಂದಾಗಿ ಬಗ್ಗಿಸಿದೆ. ಪ್ರತಿ ಹಲ್ಲಿನ ಬುಡದಲ್ಲೂ ಬಿರುಕು ಬಾಯಿ ಬಿಟ್ಟಿತು. ಒಂದು ಕಡೆ ಒಳಗಿನ ನೂಲು ಕಾಣುತ್ತಿತ್ತು.

ಆಮೇಲೆ ಹೊಸದು ಹಾಕಿದೆ. ಪುಲ್ಲಿಗಳ ಗುರುತು, ಫ್ಲೈವೀಲಿನ ಗುರುತು ಎಲ್ಲಾ ಕೂರಿಸಿಕೊಂಡು ಹಾಕಬೇಕು, ಒಂದು ಹಲ್ಲೂ ಆಚೀಚೆ ಆಗಬಾರದು. ಪ್ಲಗ್ಗುಗಳನ್ನು ಬಿಚ್ಚಿ, ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತವಾ ನೋಡಬೇಕು. ನಿಂತವು. ಕೆಲಸ ಚೆನ್ನಾಗಿಯೇ ಆಯಿತು.

ಹಳೇ ಬೆಲ್ಟನ್ನು ಮಾತ್ರ ಬಿಸಾಡಲು ಆಗುತ್ತಿಲ್ಲ ಕಣೋ.

ಆ ಬೆಟ್ಟದ ರಸ್ತೆ ನೆನಪಿದೆಯಾ? ಹಸಿರು ರೇನ್‌ಕೋಟಿನ ದಿನ. ನಿನ್ನ ಮಗಳು ಅಪ್ಪನ ಗಾಡಿ ಬೇಡ, ಮಾಮನ ಗಾಡಿ ಸೋಫಾ ಇದ್ದ ಹಾಗಿದೆ ಅಂತ ನನ್ನ ಹಿಂದೆ ಹತ್ತಿದಳು. ಇಳಿಜಾರಿನಲ್ಲಿ ಅವಳ ಹೆಲ್ಮೆಟ್ಟು ಟಕ್ ಅಂತ ನನ್ನ ಬೆನ್ನಿಗೆ ಬಡಿಯಿತು. ನಿದ್ದೆ ಹೋಗಿದ್ದಳು. ನಾನು ಎಡಗೈ ಹಿಂದಕ್ಕೆ ಹಾಕಿ ಅವಳ ಜಾಕೆಟ್ ಹಿಡಿದುಕೊಂಡೆ. ಬಲಗೈ ಒಂದೇ ಹ್ಯಾಂಡಲ್ ಮೇಲೆ. ಹಿಂದೆ ಲಾರಿ. ನೀನು ಪಕ್ಕದಲ್ಲಿ ಬಂದು, ನೋಡಿ, ನಕ್ಕು, ಮುಂದೆ ಹೋದೆ.

ಅವತ್ತೂ ಇದೇ ಬೆಲ್ಟು.

ಏನೂ ಆಗಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ, ಏನೂ ಆಗಲಿಲ್ಲವಲ್ಲ ಬಿಡು ಅಂತ. ಆದರೆ ಆಗದೇ ಇದ್ದದ್ದಕ್ಕೆ ನಾನು ಮಾಡಿದ್ದು ಏನೂ ಇಲ್ಲ. ನನ್ನ ಕೈ ಚೆನ್ನಾಗಿದೆ, ನನ್ನ ಕಿವಿಗೆ ಗಾಡಿಯ ಸದ್ದೆಲ್ಲ ಗೊತ್ತು ಅಂತ ಇಷ್ಟು ವರ್ಷ ಮೆರೆದೆನಲ್ಲ, ಆ ಕಿವಿಗೆ ಬೆಲ್ಟಿನ ಬಿರುಕು ಕೇಳಿಸಿತ್ತಾ? ಮಗು ನಂಬಿ ನಿದ್ದೆ ಮಾಡಿತು. ನಾನೂ ನಂಬಿದ್ದೆ. ಎರಡೂ ಒಂದೇ ಜಾತಿಯ ನಂಬಿಕೆ.

ಈಗ ತಿರುಗುಮುರುಗು ಆಗಿದೆ. ಗಾಡಿ ಸ್ಟಾರ್ಟ್ ಮಾಡಿದರೆ ಎಂಜಿನ್ ಸದ್ದು ಅಂತ ಒಂದು ಕೇಳುವುದೇ ಇಲ್ಲ. ವಾಟರ್ ಪಂಪು ಬೇರೆ, ಟ್ಯಾಪೆಟ್ ಬೇರೆ, ಕ್ಲಚ್ಚು ಬೇರೆ, ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತವೆ. ಎಲ್ಲದಕ್ಕೂ ಮುರಿಯುವ ಒಂದು ದಿನ ಇದೆ ಅನಿಸುತ್ತದೆ. ಮನೆಯ ಸುತ್ತ ಒಂದು ರೌಂಡು ಹೊಡೆದು ತಂದು ನಿಲ್ಲಿಸುತ್ತೇನೆ. ದೊಡ್ಡ ರಸ್ತೆಯ ತಿರುವು ಬಂದರೆ ಕೈ ತಾನಾಗಿಯೇ ಇಂಡಿಕೇಟರ್ ಹಾಕಿ ವಾಪಸ್ ತಿರುಗಿಸುತ್ತದೆ.

ಹೇಳಿಬಿಡುತ್ತೇನೆ. ಗಾಡಿ ಆಗಿದೆ. ಆಗಿ ಸುಮಾರು ದಿನವಾಯಿತು. ಫೇರಿಂಗನ್ನು ಮಾತ್ರ ಬೇಕಂತಲೇ ಹಾಕಿಲ್ಲ. ಅದು ಗೋಡೆಗೆ ಒರಗಿಕೊಂಡಿದ್ದರೆ ನೋಡಿದವರು ಇನ್ನೂ ಕೆಲಸ ಇದೆ ಅಂದುಕೊಳ್ಳುತ್ತಾರೆ, ಯಾರೂ ಯಾವಾಗ ಹೊರಡೋದು ಅಂತ ಕೇಳುವುದಿಲ್ಲ. ನಿನ್ನ ಮಗಳು ಮಾತ್ರ ಕೇಳುತ್ತಾಳೆ. ಗಾಡಿ ಆಯ್ತಾ ಮಾಮ ಅಂತ ಮೆಸೇಜ್ ಹಾಕುತ್ತಾಳೆ. ಕಾರ್ಬುರೇಟರ್ ಪುಟ್ಟಿ, ಅಂತ ಉತ್ತರ ಕೊಡುತ್ತೇನೆ. ಪಾಪ, ಅಷ್ಟು ತೊಂದರೆ ಕೊಡುವ ಕಾರ್ಬುರೇಟರನ್ನು ಜಗತ್ತು ಕಂಡಿರಲಿಕ್ಕಿಲ್ಲ. ಅವಳು ನಂಬಿದ್ದಾಳೆ. ನೀನು ನಂಬಿಲ್ಲ ಅನಿಸುತ್ತದೆ.

ಅಯ್ಯೋ, ಬ್ರೇಕ್ ಹೋಸಿನ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತವನು ಎಲ್ಲಿಗೋ ಹೋಗಿಬಿಟ್ಟೆ. ಇಷ್ಟು ಹೊತ್ತಿಗೆ ಓದುವವರು ಅರ್ಧಕ್ಕರ್ಧ ಎದ್ದು ಹೋಗಿರುತ್ತಾರೆ, ಒಳ್ಳೆಯದೇ ಆಯಿತು. ಉಳಿದವರು ನಿಮ್ಮ ಬೆಲ್ಟು ಹಾಕಿ ಎಷ್ಟು ವರ್ಷವಾಯಿತು ಅಂತ ಹೋಗಿ ನೋಡಿ. ಟೈರನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3214 ಅಂದರೆ 2014ರ 32ನೇ ವಾರ ತಯಾರಾದದ್ದು. ಅಂಥದ್ದು ಕಂಡರೆ ಗಾಡಿ ಮೇಲಿಂದ ಇಳಿಯಿರಿ.

ನಾನಂತೂ ಈಗ ನಟ್ಟು ಬಿಗಿಯಾಗಿದೆಯಾ ಅಂತ ಮುಟ್ಟಿ, ಎರಡು ಹೆಜ್ಜೆ ಹೋಗಿ, ಮತ್ತೆ ಬಂದು ಮುಟ್ಟುವ ಹಂತಕ್ಕೆ ಬಂದಿದ್ದೇನೆ. ಮನೆಯಲ್ಲಿ ನನಗೆ ಹೊಸ ಹೆಸರು ಬಿದ್ದಿದೆ. ಅದನ್ನು ಇಲ್ಲಿ ಬರೆದರೆ ನೀನು ಸಾಯುವವರೆಗೂ ಬಿಡುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.

ಭಾನುವಾರ ಬಾ. ಫೇರಿಂಗ್ ಕೂರಿಸಲು ನಾಲ್ಕು ಕೈ ಬೇಕು, ಒಬ್ಬರು ಎತ್ತಿ ಹಿಡಿಯಬೇಕು, ಒಬ್ಬರು ಬೋಲ್ಟು ಹಾಕಬೇಕು. ನೀನು ಹಿಡಿದುಕೊಳ್ಳುವವನು. ಬೋಲ್ಟು ನಿನ್ನ ಕೈಗೆ ಕೊಡುವ ಮಾತೇ ಇಲ್ಲ, ಆ ಡ್ರೈನ್ ಪ್ಲಗ್ಗಿನ ಕಥೆ ನಾನಿನ್ನೂ ಮರೆತಿಲ್ಲ.

ಇಂತಿ ನಿನ್ನ,
ಕಾರ್ಬುರೇಟರ್ ಮಾಮ