ಅರ್ಧ ಹೊದಿಕೆ

ಪ್ರೀತಿಯ ದೋಸ್ತಿ,

ಮಸ್ಕತ್ತಿನಿಂದ ನೀನು ಕಳಿಸಿದ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ ಮಾರಾಯ. "ಶಾಲು ಹಾಕಿಸಿಕೊಂಡವ ಇನ್ನು ಹದಿನಾಲ್ಕನೇ ಟೇಬಲಿಗೆ ನೀರು ಇಡ್ತಾನಾ?" ಅಂದೆಯಲ್ಲ, ಒಬ್ಬನೇ ಕೂತು ನಕ್ಕೆ. ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಯಾಕೆಂದು ಓದುತ್ತಾ ಗೊತ್ತಾಗ್ತದೆ.

ಸನ್ಮಾನದ ಫೋಟೋ ನೀನು ನೋಡಿದ್ದೀ. ಶಾಲು, ಹಾರ, ಹಣ್ಣಿನ ಬುಟ್ಟಿ. ಕೆಲಸ ಹೋಗಿ, ಟಿಬಿ ಬಂದು ಬೀದಿಗೆ ಬಿದ್ದವ ಗುಣವಾಗಿ ಎದ್ದ, ಈಗ ಜಗಲಿಯಲ್ಲಿ ಮಲಗುವ 19 ಜನರನ್ನು ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಾನೆ ಅಂತ ಮೈಕಿನಲ್ಲಿ ಹೇಳಿದರು. ಸುಳ್ಳೇನೂ ಇಲ್ಲ. ಆದರೆ ಶಾಲು ಹೆಗಲಿಗೆ ಬಿದ್ದದ್ದೇ ಅಜ್ಜನ ನೆನಪಾಯಿತು. ಆಮೇಲೆ ನಾನು ಏನು ಮಾತಾಡಿದೆನೋ ನನಗೇ ಗೊತ್ತಿಲ್ಲ.

ಅಜ್ಜ ಅಂದರೆ ಜಗಲಿಯಲ್ಲಿ ನನ್ನ ಜೊತೆ ಮಲಗುತ್ತಿದ್ದ ಮುದುಕರು, ಅವರ ವಿಷಯ ನಿನಗೂ ಹೇಳಿಲ್ಲ. 2022ರ ಮಳೆಗಾಲ. ಕೆಮ್ಮುವವ ಸಪ್ಲೈ ಮಾಡುವುದು ಬೇಡ ಅಂದರು ಹೋಟೆಲಿನವರು. ಕೆಲಸದ ಜೊತೆ ಮಲಗುವ ರೂಮೂ ಹೋಯಿತು. ನಿನಗೆ ಊರಿಗೆ ಬಂದಿದ್ದೇನೆ ಅಂತ ಫೋನಿನಲ್ಲಿ ಸುಳ್ಳು ಹೇಳಿದೆ. ಇದ್ದದ್ದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಹತ್ತಿರದ ಒಂದು ಅಂಗಡಿ ಜಗಲಿಯಲ್ಲಿ. ಮಳೆಯ ಎರಚಲು ಹೊಡೆಯದ ಜಾಗ ಅಲ್ಲಿ ಒಂದೂವರೆ ಆಳಿನಷ್ಟು. "ನೀನು ಒಳಗೆ ಮಲಗು ಮಗಾ, ನಾನು ಬಂದರಿನ ದಕ್ಕೆಯಲ್ಲಿ ನೆನೆದು ನೆನೆದು ಮುದುಕನಾದವ" ಅಂತ ಅಜ್ಜ ಹೊರಗಡೆ ಮಲಗಿದರು. ನೀಲಿ ಪಟ್ಟೆಯ ಹೊದಿಕೆ, ಒಂದು ಮೂಲೆ ಬೀಡಿಗೆ ಸುಟ್ಟದ್ದು. ಅದರಲ್ಲಿ ಅರ್ಧ ನನಗೆ.

ಒಂದು ರಾತ್ರಿ ಕರ್ಚೀಫಿನಲ್ಲಿ ರಕ್ತ ಕಂಡಿತು. ಬೆಳಗಾಗುವ ಮೊದಲು ನಳ್ಳಿಯಲ್ಲಿ ತೊಳೆದೆ. ಮೂರು ವಾರ ಹೀಗೇ ತೊಳೆದೆ. ಗೊತ್ತಾದರೆ ಜಗಲಿಯಿಂದಲೂ ಎಬ್ಬಿಸಿಯಾರು ಎಂಬ ಹೆದರಿಕೆ. ಕೊನೆಗೆ ಕೈಗೆ 20 ರೂಪಾಯಿ ಕೊಟ್ಟು ವೆನ್ಲಾಕ್ ಸರಕಾರಿ ಆಸ್ಪತ್ರೆಗೆ ಹೋಗು ಅಂದದ್ದೂ ಅಜ್ಜನೇ. ತೂಕ 43 ಕಿಲೋ ಇದ್ದೆ. ದಿನಕ್ಕೆ 3 ಮಾತ್ರೆ, 6 ತಿಂಗಳು, ಎಲ್ಲ ಉಚಿತ. ಮೊದಲ ದಿನ ಮೂತ್ರ ಕೆಂಪಗೆ ಬಂದಾಗ ಪ್ರಾಣ ಹೋದ ಹಾಗಾಯಿತು. ಅದು ಮದ್ದಿನ ಬಣ್ಣ ಅಂತ ಸಿಸ್ಟರ್ ಸಮಾಧಾನ ಮಾಡಿದರು. ಆಮೇಲೆ ಕೇಳಿದರು, "ಜೊತೆಗೆ ಮಲಗುವವರು ಯಾರಿದ್ದಾರೆ? ಅವರನ್ನೂ ಪರೀಕ್ಷೆ ಮಾಡಬೇಕು, ರೋಗ ಇಲ್ಲದಿದ್ದರೆ ಬಾರದ ಹಾಗೆ ಮದ್ದುಂಟು."

"ಯಾರೂ ಇಲ್ಲ" ಅಂದೆ.

ಎರಡೇ ಶಬ್ದ, ದೋಸ್ತಿ. ಆ ವಾರವೇ ಜ್ಯೂಸ್ ಅಂಗಡಿಯ ಅಟ್ಟದಲ್ಲಿ ಮಲಗಲು ಜಾಗ ಸಿಕ್ಕಿತು, ಅಜ್ಜನಿಗೆ ಸರಿಯಾಗಿ ಹೇಳದೆ ಹೋದೆ. ಎರಡು ತಿಂಗಳು ಬಿಟ್ಟು ಹುಡುಕಿಕೊಂಡು ಬಂದಾಗ ಜಗಲಿ ಖಾಲಿ. ದಕ್ಕೆಯಲ್ಲಿ ಕೇಳಿದೆ, ರೈಲ್ವೆ ಸ್ಟೇಷನ್ನಿನಲ್ಲಿ ಕೇಳಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಜಗಲಿ ಜಗಲಿ ತಿರುಗುವುದು ಶುರುವಾದದ್ದು ಹಾಗೆ. ಹುಡುಕುವಾಗ ಕೆಮ್ಮುವವರು ಸಿಕ್ಕಿದರು, ಅವರನ್ನು ಕರೆದುಕೊಂಡು ಹೋದೆ. 19ರಲ್ಲಿ 4 ಜನರಿಗೆ ಟಿಬಿ ಇತ್ತು. ಮೂವರು ಮದ್ದು ಮುಗಿಸಿದ್ದಾರೆ. ಒಬ್ಬನದ್ದು ಇನ್ನೂ ನಡೀತಾ ಉಂಟು. ಸರಕಾರ ಆಹಾರಕ್ಕೆ ಕೊಡುವ ದುಡ್ಡು ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ, ಆದರೆ ಅದು ಬರುವುದು ಬ್ಯಾಂಕ್ ಖಾತೆಗೆ. ಜಗಲಿಯಲ್ಲಿ ಮಲಗುವವ ಖಾತೆಗೆ ವಿಳಾಸ ಎಂತ ಬರೆಯುವುದು? ಅವನಿಗೆ ನನ್ನ ರೂಮಿನ ವಿಳಾಸ ಕೊಟ್ಟು ಓಡಾಡುತ್ತಿದ್ದೇನೆ.

ಓದುವವರಲ್ಲಿ ಒಂದು ಬೇಡಿಕೆ. ಎಡಗೈ ಕಿರುಬೆರಳು ಅರ್ಧ ಇಲ್ಲದ, ಎಲ್ಲರನ್ನೂ ಮಗಾ ಅಂತ ಕರೆಯುವ ಅಜ್ಜ ಎಲ್ಲಾದರೂ ಕಂಡರೆ ನನಗೆ ತಿಳಿಸಿ. ಮಲ್ಪೆಯಲ್ಲಾಗಲಿ, ಗಂಗೊಳ್ಳಿಯಲ್ಲಾಗಲಿ, ಬರುತ್ತೇನೆ. ಎರಡು ವಾರ ಬಿಡದೆ ಕೆಮ್ಮುವವರು ಯಾರೇ ಇದ್ದರೂ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜೊತೆಗೆ ಯಾರಿದ್ದಾರೆ ಅಂತ ಅಲ್ಲಿ ಕೇಳಿದರೆ ಹೆಸರು ಹೇಳಿ.

ಶಾಲು ಮಡಚಿ ಇಟ್ಟಿದ್ದೇನೆ, ಅದು ಅಜ್ಜನಿಗೆ.

ಸಾಕು, ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ನೀನು ಡಿಸೆಂಬರಿಗೆ ಬರುತ್ತೀಯಲ್ಲ? ಬಂಗುಡೆ ಪುಳಿಮುಂಚಿ ನಾನು ಮಾಡುತ್ತೇನೆ, ಮಸಾಲೆ ಅರೆಯುವುದಕ್ಕೆ ಮಾತ್ರ ನೀನು ಕೈ ಹಾಕಬೇಡ. ಬಿಜೈಯ ಆ ಆದಿತ್ಯವಾರ ನೆನಪುಂಟಲ್ಲ!

ನಿನ್ನ ದೋಸ್ತಿ